ಕಿವುಡರ ಹಿಸ್ಟರಿ ಓದೋಕೆ ಸನ್ನೆ ಭಾಷೆ ಕಲೀಲೇಬೇಕಾ?

ಪ್ರಶ್ನೆ: ಸರ್, ನಾನು ಎಂ.ಎ. ಹಿಸ್ಟರಿ ಸ್ಟೂಡೆಂಟ್. ಕಿವುಡರ ಸಂಸ್ಕೃತಿ ಮತ್ತು ಇತಿಹಾಸದ ಮೇಲೆ ಡಿಸರ್ಟೇಶನ್ ಮಾಡ್ಬೇಕು ಅಂತಿದೀನಿ. ಇಂಗ್ಲಿಷಲ್ಲಿ ಬೇಕಾದಷ್ಟು ಪುಸ್ತಕ ಇದಾವೆ, ಓದಿ ಬರೆದ್ರೆ ಸಾಕು ಅಂತಾರೆ ನಮ್ಮ ಗೈಡ್. ನನಗ್ಯಾಕೋ ಸನ್ನೆ ಭಾಷೆ ಬರದೆ ಬರೆಯೋದು ಸರಿಯಲ್ಲ ಅನ್ಸುತ್ತೆ. ಆದ್ರೆ ಆ ಭಾಷೆನ ಯಾರೂ ಬರೆದಿಡಲ್ವಲ್ಲ, ಹಳೇ ಕಾಲದ್ದು ಏನು ಸಿಗುತ್ತೆ ಅದ್ರಲ್ಲಿ? ಇನ್ನೊಂದು ಡೌಟು, ಕಿವುಡುತನ ಒಂದು ನ್ಯೂನತೆ ತಾನೆ, ಅದಕ್ಕೆ ಸಂಸ್ಕೃತಿ ಅನ್ನೋ ಪದ ಹೇಗೆ ಹೊಂದುತ್ತೆ? ಕಲಿಯೋಕೆ ಎಷ್ಟು ದಿನ ಬೇಕು?

ಉತ್ತರ: ನಿಮಗೆ ಅನ್ಸಿದ್ದು ಸರಿ ಇದೆ, ಹಾಗಂತ ನಿಮ್ಮ ಗೈಡ್ ಹೇಳಿದ್ದೂ ಪೂರ್ತಿ ತಪ್ಪಲ್ಲ, ಪುಸ್ತಕ ಓದಲೇಬೇಕು. ನಾನು ಕಿವಿ ಕೇಳೋನು, ದೊಡ್ಡವನಾದ ಮೇಲೆ ಸನ್ನೆ ಭಾಷೆ ಕಲಿತು ಇಂಟರ್‌ಪ್ರಿಟರ್ ಆಗಿ ಆಮೇಲೆ ಪಾಠ ಮಾಡೋಕೆ ಬಂದವನು, ಅದನ್ನ ಮೊದಲೇ ಹೇಳಿಬಿಡ್ತೀನಿ ಯಾಕಂದ್ರೆ ಇಲ್ಲಿ ಬರೆಯೋದೆಲ್ಲ ಹೊರಗಿಂದ ಒಳಗೆ ಹೋದವನ ನೋಟ.

ಸಂಸ್ಕೃತಿ ಪ್ರಶ್ನೆ ಮೊದಲು ತಗೋತೀನಿ, ಅದು ಬಗೆಹರೀದೆ ಮುಂದಿನದು ಹೇಳಿ ಪ್ರಯೋಜನ ಇಲ್ಲ. ಅಮೆರಿಕನ್ ಸೈನ್ ಲ್ಯಾಂಗ್ವೇಜಲ್ಲಿ, ಅಂದ್ರೆ ಎಎಸ್‌ಎಲ್‌ನಲ್ಲಿ, ಕಿವಿ ಕೇಳೋರಿಗೆ ಒಂದು ಸನ್ನೆ ಇದೆ. ಅದು ಕಿವಿ ಹತ್ರ ಬರಲ್ಲ, ಬಾಯಿ ಹತ್ರ ಬರುತ್ತೆ. ತೋರುಬೆರಳನ್ನ ಅಡ್ಡ ಹಿಡಿದು ತುಟಿ ಮುಂದೆ ಸಣ್ಣಗೆ ಸುತ್ತಿಸ್ತಾರೆ, ಮಾತು ಉರುಳಿ ಉರುಳಿ ಆಚೆ ಬರ್ತಿದೆ ಅನ್ನೋ ಥರ. ನಮ್ಮನ್ನ ಅವರು ಗುರುತಿಸೋದು ಕಿವಿಯಿಂದಲ್ಲ, ಸದಾ ಪಟಪಟ ಆಡೋ ಬಾಯಿಂದ. ಅದೇ ಸನ್ನೆನ ತುಟಿಯಿಂದ ಎತ್ತಿ ಹಣೆ ಮುಂದೆ ಮಾಡಿದ್ರೆ ಅರ್ಥ ಬೇರೆ: ಕಿವುಡನೇ, ಆದ್ರೆ ತಲೆ ಓಡೋದೆಲ್ಲ ಕಿವಿ ಕೇಳೋರ ಥರ, ನಮ್ಮೋರನ್ನ ಬಿಟ್ಟು ಅವರ ಕಡೆ ವಾಲಿದಾನೆ ಅಂತ. ಬೈಗುಳನೇ ಅದು. ಕ್ಯಾರಲ್ ಪ್ಯಾಡನ್ ಮತ್ತು ಟಾಮ್ ಹಂಫ್ರೀಸ್ ಅಂತ ಇಬ್ಬರು ಕಿವುಡ ವಿದ್ವಾಂಸರು ಇನ್ನೊಂದು ಮಜವಾದ ವಿಷಯ ಬರೆದಿದಾರೆ. ನಾವು 'ಸ್ವಲ್ಪ ಕಿವಿ ಮಂದ' ಅಂದ್ರೆ ಚೆನ್ನಾಗೇ ಕೇಳ್ಸುತ್ತೆ, ಚೂರು ಕಮ್ಮಿ ಅಂತ ತಾನೆ. ಎಎಸ್‌ಎಲ್ ಆಡೋ ಕಿವುಡರಲ್ಲಿ ಇದು ಉಲ್ಟಾ, 'ಸ್ವಲ್ಪ ಮಂದ' ಅಂದ್ರೆ ಬಹುಪಾಲು ಕಿವುಡ, 'ತುಂಬಾ ಮಂದ' ಅಂದ್ರೆ ಫೋನಲ್ಲಿ ಮಾತಾಡೋವಷ್ಟು ಕೇಳಿಸೋ ಮನುಷ್ಯ. ಯಾಕೆ ಅಂದ್ರೆ ಅವರು ಅಳೆಯೋಕೆ ಶುರು ಮಾಡೋ ಜಾಗವೇ ಬೇರೆ. ನಮಗೆ ಕೇಳಿಸೋದು ನಾರ್ಮಲ್, ಅದರಿಂದ ಎಷ್ಟು ದೂರ ಅಂತ ಅಳೀತೀವಿ, ಅವರಿಗೆ ಕಿವುಡಾಗಿರೋದು ನಾರ್ಮಲ್, ಅಲ್ಲಿಂದ ಎಷ್ಟು ದೂರ ಹೋದ ಅಂತ ಅಳೀತಾರೆ. ಈ ಮೂರು ಪದ ಸರಿಯಾಗಿ ಅರ್ಥ ಆದ್ರೆ ಸಂಸ್ಕೃತಿ ಅನ್ನೋ ಪದ ಹೊಂದುತ್ತಾ ಇಲ್ವಾ ಅಂತ ಕೇಳೋ ಅಗತ್ಯವೇ ಬೀಳಲ್ಲ. ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅಂತ ನಮ್ಮಲ್ಲೊಂದು ಗಾದೆ ಇದೆಯಲ್ಲ, ಅದು ಕಿನ್ನರಿ ಬಾರಿಸೋನು ಕಟ್ಟಿದ ಗಾದೆ. ಎದುರಿಗೆ ಕೂತೋನು ಏನಂದ್ಕೊಂಡ ಅನ್ನೋದು ಅವನ ಭಾಷೇಲಿ ಇರುತ್ತೆ.

ಇಂಗ್ಲಿಷ್ ಪುಸ್ತಕಗಳಲ್ಲಿ ಡೆಫ್ ಅನ್ನೋ ಪದಕ್ಕೆ ಕೆಲವು ಕಡೆ ದೊಡ್ಡ ಡಿ, ಕೆಲವು ಕಡೆ ಚಿಕ್ಕ ಡಿ ಕಾಣ್ಸುತ್ತೆ, ಪ್ರಿಂಟ್ ಮಿಸ್ಟೇಕ್ ಅಲ್ಲ. 1972ರಲ್ಲಿ ಜೇಮ್ಸ್ ವುಡ್‌ವರ್ಡ್ ಅನ್ನೋ ಭಾಷಾವಿಜ್ಞಾನಿ ಸೂಚಿಸಿದ ಪದ್ಧತಿ ಅದು, ಚಿಕ್ಕ ಡಿ ಅಂದ್ರೆ ಕಿವಿ ಕೇಳಿಸದ ಸ್ಥಿತಿ, ದೊಡ್ಡ ಡಿ ಅಂದ್ರೆ ಸನ್ನೆ ಭಾಷೆ ಆಡೋ ಸಮುದಾಯ. ಕನ್ನಡದಲ್ಲಿ ದೊಡ್ಡಕ್ಷರ ಇಲ್ಲ, ನಿಮ್ಮ ಡಿಸರ್ಟೇಶನಲ್ಲಿ ಯಾವ ಅರ್ಥದಲ್ಲಿ ಬಳಸ್ತಿದೀರ ಅಂತ ಮೊದಲ ಪುಟದಲ್ಲೇ ಹೇಳಿಬಿಡಿ. ಮತ್ತೆ 'ಮೂಗ' ಅನ್ನೋ ಪದ ದಯವಿಟ್ಟು ಬೇಡ, ಹಳೇ ದಾಖಲೆ ಉದ್ಧರಿಸುವಾಗ ಬಿಟ್ಟು.

ಈಗ ಲಿಪಿ ವಿಷಯ. ಬರೆದಿಟ್ಟಿಲ್ಲ ಅಂದ್ರೆ ಹಳೇದು ಏನೂ ಉಳಿದಿಲ್ಲ ಅಂತ ನೀವು ಅಂದ್ಕೊಂಡಿದೀರ, ಎಲ್ಲರೂ ಮೊದಲು ಹಾಗೇ ಅಂದ್ಕೊಳ್ಳೋದು, ನಾನೂ ಅಂದ್ಕೊಂಡಿದ್ದೆ. ಆದ್ರೆ ಸನ್ನೆಗಳ ಆಕಾರದಲ್ಲೇ ಹಿಸ್ಟರಿ ಕೂತಿರುತ್ತೆ, ಊರ ಹೆಸರುಗಳಲ್ಲಿ ಹಳೇ ಕೆರೆ ಕೋಟೆ ಕೂತಿರೋ ಹಾಗೆ. ಎಎಸ್‌ಎಲ್‌ನಲ್ಲಿ 'ಹುಡುಕು' ಅನ್ನೋಕೆ ಕೈಯನ್ನ ಇಂಗ್ಲಿಷಿನ ಸಿ ಅಕ್ಷರದ ಥರ ಬಗ್ಗಿಸಿ ಮುಖದ ಮುಂದೆ ಸುತ್ತಿಸ್ತಾರೆ. ಇಂಗ್ಲಿಷಲ್ಲಿ ಹುಡುಕೋದಕ್ಕೆ ಸರ್ಚ್ ಅಂತಾರೆ, ಅದು ಎಸ್ ಇಂದ ಶುರು, ಹಾಗಿದ್ರೆ ಸಿ ಎಲ್ಲಿಂದ ಬಂತು? ಫ್ರೆಂಚಿನ ಶೆರ್ಶೆ ಅನ್ನೋ ಪದದಿಂದ, ಅದರ ಸ್ಪೆಲ್ಲಿಂಗ್ ಸಿ ಇಂದ ಶುರುವಾಗುತ್ತೆ. ಅಮೆರಿಕದ ಕಿವುಡನ ಕೈಯಲ್ಲಿ ಫ್ರೆಂಚ್ ಅಕ್ಷರ ಹೇಗೆ ಬಂತು ಅಂತ ಕೇಳ್ತಾ ಹೋದ್ರೆ 1816ಕ್ಕೆ ಹೋಗಿ ಮುಟ್ತೀರ. ಪ್ಯಾರಿಸ್ಸಿನ ಕಿವುಡರ ಶಾಲೆಯಲ್ಲಿ ಓದಿ ಅಲ್ಲೇ ಮೇಷ್ಟ್ರಾಗಿದ್ದ ಲೋರಾಂ ಕ್ಲೇರ್ ಅನ್ನೋ ಕಿವುಡ ಯುವಕ ಥಾಮಸ್ ಹಾಪ್‌ಕಿನ್ಸ್ ಗ್ಯಾಲಡೆಟ್ ಅನ್ನೋ ಕಿವಿ ಕೇಳೋ ಅಮೆರಿಕನ್ ಪಾದ್ರಿ ಜೊತೆ ಹಡಗು ಹತ್ತಿ ಅಮೆರಿಕಕ್ಕೆ ಬಂದ. 52 ದಿನದ ಪ್ರಯಾಣ, ದಾರಿಯುದ್ದಕ್ಕೂ ಕ್ಲೇರ್ ಸನ್ನೆ ಕಲಿಸ್ತಿದ್ದ, ಗ್ಯಾಲಡೆಟ್ ಇಂಗ್ಲಿಷ್ ಕಲಿಸ್ತಿದ್ದ. 1817ರಲ್ಲಿ ಕನೆಕ್ಟಿಕಟ್‌ನ ಹಾರ್ಟ್‌ಫರ್ಡಲ್ಲಿ ಶಾಲೆ ಶುರುವಾಯ್ತು. ಅದಕ್ಕೇ ಇವತ್ತಿಗೂ ಎಎಸ್‌ಎಲ್‌ಗೆ ಫ್ರೆಂಚ್ ಸನ್ನೆ ಭಾಷೆ ನೆಂಟ, ಬ್ರಿಟನ್ನಿನ ಸನ್ನೆ ಭಾಷೆ ಪರಕೀಯ. ಎರಡು ದೇಶದಲ್ಲೂ ಮಾತಾಡೋದು ಇಂಗ್ಲಿಷೇ ಆದ್ರೂ ಅಮೆರಿಕದ ಕಿವುಡ ಅಕ್ಷರಗಳನ್ನ ಒಂದೇ ಕೈಯಲ್ಲಿ ತೋರಿಸ್ತಾನೆ, ಬ್ರಿಟನ್ನಿನವನು ಎರಡು ಕೈ ಬೇಕು ಅಂತಾನೆ, ಒಬ್ಬರದು ಒಬ್ಬರಿಗೆ ಅರ್ಥ ಆಗಲ್ಲ. ಮಾತಾಡೋರ ಮ್ಯಾಪ್ ಬೇರೆ, ಸನ್ನೆ ಮಾಡೋರ ಮ್ಯಾಪ್ ಬೇರೆ.

ಐರ್ಲೆಂಡಿನ ಉದಾಹರಣೆ ನಾನು ಕ್ಲಾಸಲ್ಲಿ ತಪ್ಪದೇ ಹೇಳ್ತೀನಿ. ಡಬ್ಲಿನ್ನಿನ ಕಾಬ್ರಾದಲ್ಲಿ ಕ್ಯಾಥೊಲಿಕ್ ಸಂಸ್ಥೆಗಳು 1846ರಲ್ಲಿ ಹುಡುಗಿಯರಿಗೆ, 1857ರಲ್ಲಿ ಹುಡುಗರಿಗೆ ಬೇರೆ ಬೇರೆ ಕಿವುಡ ಶಾಲೆ ತೆಗೆದರು. ಎರಡೂ ವಸತಿ ಶಾಲೆ, ಎರಡಕ್ಕೂ ಒಡನಾಟ ಇಲ್ಲ. ವರ್ಷಗಟ್ಟಲೆ ಹೀಗೇ ನಡೆದು ಹುಡುಗಿಯರ ಸನ್ನೆ ಒಂದು ದಾರಿ ಹಿಡೀತು, ಹುಡುಗರದ್ದು ಇನ್ನೊಂದು ದಾರಿ, ದಿನಬಳಕೆ ಪದಗಳಿಗೇ ಗಂಡಸರ ಸನ್ನೆ ಬೇರೆ ಹೆಂಗಸರ ಸನ್ನೆ ಬೇರೆ. ಶಾಲೆ ಬಿಟ್ಟು ಹೊರಗೆ ಬಂದ ಮೇಲೆ ಬದಲಾದೋರು ಯಾರು ಹೇಳಿ? ಹೆಂಗಸರೇ. ಹೊರಗಿನ ಒಡನಾಟಕ್ಕೆ ಗಂಡಸರ ಸನ್ನೆ ಕಲಿತರು, ತಮ್ಮದನ್ನ ಗೆಳತಿಯರ ಜೊತೆಗಿನ ಮಾತಿಗೆ ಇಟ್ಕೊಂಡರು. ಹೆಣ್ಣು ಗಂಡನ್ನ ಬೇರೆ ಇಡೋ ಧಾರ್ಮಿಕ ಶಿಸ್ತು, ಮದುವೆ, ಯಾರ ಮಾತಿಗೆ ಬೆಲೆ ಅನ್ನೋ ಲೆಕ್ಕಾಚಾರ, ಎಲ್ಲವೂ ಅಷ್ಟು ಸಣ್ಣ ಕೈಬೆರಳ ವ್ಯತ್ಯಾಸದಲ್ಲಿದೆ.

ಅಮೆರಿಕದ ಕಪ್ಪು ಜನಾಂಗದ ಕಿವುಡರ ಸನ್ನೆ ಇದಕ್ಕಿಂತ ಗಾಢವಾದ ಕಥೆ. ದಕ್ಷಿಣದ ರಾಜ್ಯಗಳಲ್ಲಿ ಬಿಳಿಯ ಕಿವುಡ ಮಕ್ಕಳಿಗೆ ಒಂದು ಶಾಲೆ, ಕಪ್ಪು ಕಿವುಡ ಮಕ್ಕಳಿಗೆ ಇನ್ನೊಂದು. ಬಿಳಿಯರ ಶಾಲೆಗಳಲ್ಲಿ ಸನ್ನೆ ಬಿಡಿಸಿ ಬಾಯಿ ಮಾತು ಕಲಿಸೋ ಹುಚ್ಚು ಜೋರಾಯ್ತು, ಕಪ್ಪು ಮಕ್ಕಳ ಶಾಲೆಗಳ ಮೇಲೆ ಅಷ್ಟು ಖರ್ಚು ಮಾಡೋಕೆ ಯಾರಿಗೂ ಮನಸ್ಸಿರಲಿಲ್ಲ, ಅಸಡ್ಡೆ, ಹಾಗಾಗಿ ಅಲ್ಲಿ ಸನ್ನೆ ಹಳೇ ರೂಪದಲ್ಲೇ ಉಳೀತು. ಬೇರೆಯವರು ಒಂದು ಕೈಗೆ ಇಳಿಸಿದ ಸನ್ನೆನ ಇವರು ಎರಡೂ ಕೈಯಲ್ಲಿ ಮಾಡ್ತಾರೆ, ಬೇರೆಯವರು ಸೋಮಾರಿತನಕ್ಕೆ ಕೆನ್ನೆಗೆ ಇಳಿಸಿದ 'ಗೊತ್ತು' ಅನ್ನೋ ಸನ್ನೆನ ಇವರು ಹಣೆಯಲ್ಲೇ ಇಟ್ಟಿದಾರೆ. ಕ್ಯಾರೊಲಿನ್ ಮೆಕ್ಯಾಸ್ಕಿಲ್ ಮತ್ತು ಜೊತೆಗಾರರು ವಯಸ್ಸಾದವರನ್ನ ವಿಡಿಯೋದಲ್ಲಿ ಮಾತಾಡಿಸಿ ಇದನ್ನೆಲ್ಲ ದಾಖಲು ಮಾಡಿ 2011ರಲ್ಲಿ ಪ್ರಕಟಿಸಿದರು. ಯಾರನ್ನ ಅಸಡ್ಡೆ ಮಾಡಿದ್ರೋ ಅವರ ಕೈಯಲ್ಲೇ ಹಳೇ ಭಾಷೆ ಜೋಪಾನವಾಗಿತ್ತು. ಇದು ಯಾವ ಶಾಲೆಯ ಆಡಳಿತ ವರದಿಯಲ್ಲಿ ಸಿಗುತ್ತೆ ನಿಮಗೆ?

ಇನ್ನು ಚಿಕ್ಕಪುಟ್ಟವು ಲೆಕ್ಕವಿಲ್ಲ. 'ಸಹಾಯ' ಅನ್ನೋ ಸನ್ನೆ ಎಎಸ್‌ಎಲ್‌ನಲ್ಲಿ ಮೊದಲು ಮೊಣಕೈ ಹಿಡಿದೆತ್ತೋ ಥರ ಇತ್ತು, ಸವೆದು ಸವೆದು ಈಗ ಮುಷ್ಟಿ ಕೆಳಗೆ ಅಂಗೈ ಇಟ್ಟು ಎತ್ತೋದು. ಫೋನಿಗೆ ಹಳಬರು ಒಂದು ಮುಷ್ಟಿ ಕಿವಿಗೆ ಒಂದು ಮುಷ್ಟಿ ಬಾಯಿಗೆ ಹಿಡೀತಿದ್ರು, ಆಮೇಲಿನವರು ಹೆಬ್ಬೆರಳು ಕಿರುಬೆರಳು ಚಾಚಿದ್ರು, ಈಗಿನ ಮಕ್ಕಳು ಚಪ್ಪಟೆ ಕೈ ಹಿಡೀತಾರೆ. ಒಂದೇ ಮನೇಲಿ ಮೂರು ತಲೆಮಾರಿನ ಮೂರು ಫೋನು.

ಬರೆದ ಮೂಲಗಳಿಗೆ ಬರೋಣ, ಅಲ್ಲಿ ಹುಷಾರಾಗಿರ್ಬೇಕು. ಪ್ಯಾರಿಸ್ಸಲ್ಲಿ ಪಾದ್ರಿ ದ ಲೆಪೆ ಸನ್ನೆ ಭಾಷೆ ಕಂಡುಹಿಡಿದ ಅಂತ ಎಷ್ಟೋ ಕಡೆ ಬರೆದಿರ್ತಾರೆ. ಅವನ ಶಾಲೆ ದೊಡ್ಡ ಕೆಲಸ, ಬಡ ಕಿವುಡ ಮಕ್ಕಳನ್ನ ಒಂದು ಕಡೆ ಸೇರಿಸಿದ್ದು ನಿಜ, ಆದ್ರೆ ಭಾಷೆ ಅವನದಲ್ಲ. 1779ರಲ್ಲಿ ಪಿಯೆರ್ ದೆಲೋಜ್ ಅಂತ ಒಬ್ಬ ಪುಸ್ತಕಕ್ಕೆ ಬೈಂಡಿಂಗ್ ಹಾಕೋ ಕೆಲಸಗಾರ, ಏಳು ವರ್ಷಕ್ಕೆ ಸಿಡುಬು ಬಂದು ಕಿವುಡಾದವನು, ಸ್ವಂತ ಒಂದು ಪುಸ್ತಕ ಪ್ರಕಟಿಸಿದ. ಪ್ಯಾರಿಸ್ಸಿನ ಕಿವುಡ ಕೂಲಿಯವರು ಶಾಲೆ ಮುಖ ನೋಡದವರೂ ತಮ್ಮತಮ್ಮಲ್ಲಿ ಎಲ್ಲ ವಿಷಯನೂ ಸನ್ನೆಯಲ್ಲೇ ಆಡ್ಕೊಳ್ತಾರೆ ಅಂತ ಅದರಲ್ಲಿ ಸ್ಪಷ್ಟವಾಗಿ ಹೇಳಿದಾನೆ. ಕಂಡುಹಿಡಿದ ಕಥೆ ಅಲ್ಲಿಗೇ ಬಿದ್ದುಹೋಗುತ್ತೆ. ಆದ್ರೆ ತಮಾಷೆ ನೋಡಿ, 1834ರಿಂದ ಫೆರ್ದಿನಾಂ ಬೆರ್ತಿಯೆ ಅನ್ನೋ ಕಿವುಡ ಮೇಷ್ಟ್ರ ಮುಂದಾಳತ್ವದಲ್ಲಿ ಪ್ಯಾರಿಸ್ಸಿನ ಕಿವುಡರು ವರ್ಷ ವರ್ಷ ಔತಣಕೂಟ ಮಾಡ್ತಿದ್ದದ್ದು ಅದೇ ಲೆಪೆಯ ಹುಟ್ಟುಹಬ್ಬಕ್ಕೆ. ಪಾದ್ರಿನ ನೆಪ ಮಾಡ್ಕೊಂಡು ತಾವೆಲ್ಲ ಸೇರೋದು, ಸನ್ನೆಯಲ್ಲಿ ಭಾಷಣ ಮಾಡೋದು, ರಾಜಕೀಯ ಮಾತಾಡೋದು. ಹಾಗಾಗಿ ಲೆಪೆನ ಎತ್ತಿ ಒಗೆಯೋಕೂ ಆಗಲ್ಲ, ತಲೆ ಮೇಲೆ ಹೊತ್ಕೊಳ್ಳೋಕೂ ಆಗಲ್ಲ.

1880ರ ಮಿಲಾನ್ ಸಮ್ಮೇಳನ ಯಾವ ಪುಸ್ತಕ ತೆಗೆದ್ರೂ ಸಿಗುತ್ತೆ, ಉದ್ದಕ್ಕೆ ಹೇಳಲ್ಲ. ಕಿವುಡರ ಶಿಕ್ಷಣದ ಬಗ್ಗೆ ತೀರ್ಮಾನ ಮಾಡೋಕೆ 164 ಜನ ಸೇರಿದ್ರು, ಅದ್ರಲ್ಲಿ ಕಿವುಡ ಒಬ್ಬನೇ, ಸನ್ನೆಗಿಂತ ಬಾಯಿ ಮಾತೇ ಮೇಲು ಅಂತ ಭಾರೀ ಬಹುಮತದಲ್ಲಿ ಗೊತ್ತುವಳಿ. ಕಿವುಡ ಮೇಷ್ಟ್ರುಗಳು ಕೆಲಸ ಕಳ್ಕೊಂಡರು, ಸನ್ನೆ ಮಾಡಿದ ಮಕ್ಕಳ ಕೈ ಕಟ್ಟಿಹಾಕೋವರೆಗೂ ಹೋಯ್ತು. ಅದೇ ಸಮ್ಮೇಳನದ ಪರಂಪರೆಯವರು ವ್ಯಾಂಕೂವರಲ್ಲಿ ಆ ಗೊತ್ತುವಳಿಗಳನ್ನ ತಳ್ಳಿಹಾಕಿ ವಿಷಾದ ಹೇಳಿದ್ದು 2010ರಲ್ಲಿ, 130 ವರ್ಷ ಆದ ಮೇಲೆ. ಇದಿಷ್ಟು ಓದಿ ತಿಳಿಯೋ ಭಾಗ. ಓದಿ ತಿಳಿಯದ ಭಾಗ ಏನು ಅಂದ್ರೆ, ಕಿವುಡರು ಅದನ್ನ ಹೇಗೆ ಅರಗಿಸಿಕೊಂಡರು ಅನ್ನೋದು. ಒಂದು ಜೋಕ್ ಇದೆ, ಅಮೆರಿಕದ ಕಿವುಡರ ಕೂಟಗಳಲ್ಲಿ ತಲೆಮಾರುಗಳಿಂದ ಓಡಾಡ್ತಿರೋದು. ಒಬ್ಬ ದೈತ್ಯ ಊರಿಗೆ ನುಗ್ತಾನೆ, ಎಲ್ಲ ಓಡಿಹೋಗ್ತಾರೆ, ಒಬ್ಬಳು ಚೆಲುವೆ ಸಿಗ್ತಾಳೆ, ಅವಳನ್ನ ಎತ್ತಿ ಅಂಗೈ ಮೇಲೆ ನಿಲ್ಲಿಸ್ಕೊಂಡು ಮೋಹಗೊಂಡು 'ನನ್ನ ಮದುವೆ ಆಗ್ತೀಯಾ' ಅಂತ ಕೇಳ್ತಾನೆ. ಎಎಸ್‌ಎಲ್‌ನಲ್ಲಿ ಮದುವೆ ಅಂದ್ರೆ ಒಂದು ಅಂಗೈ ಮೇಲೆ ಇನ್ನೊಂದು ಅಂಗೈ ತಂದು ಗಟ್ಟಿಯಾಗಿ ಹಿಡಿಯೋದು. ಅವಳು ಅಪ್ಪಚ್ಚಿ. ದೈತ್ಯ ಅಳ್ತಾ ಹೇಳೋದು, 'ಅಯ್ಯೋ, ಬಾಯಿ ಮಾತೇ ಮೇಲು ಅಂತಿದ್ರಲ್ಲ, ನಿಜಾನೇ'. ನಾನು ಇಲ್ಲಿ ಬರೆದದ್ದರಲ್ಲಿ ಅರ್ಧ ಸ್ವಾರಸ್ಯ ಸತ್ತುಹೋಗಿದೆ, ಯಾಕಂದ್ರೆ ಆ ಅಂಗೈ ಕಥೆಯಲ್ಲಿರೋ ಅಂಗೈಯೂ ಹೌದು, ಭಾಷೆಯ ಅಂಗೈಯೂ ಹೌದು. ಮಿಲಾನಿನ ಗೊತ್ತುವಳಿಯನ್ನ ಗೇಲಿ ಮಾಡೋಕೆ ಅದನ್ನೇ ಒಪ್ಕೊಂಡ ಹಾಗೆ ನಟಿಸೋದು, ಅದೂ ಅವರು ನಿಷೇಧ ಮಾಡಿದ ಭಾಷೆಯಲ್ಲಿ! ನನಗೆ ಮೊದಲ ಸಲ ಈ ಜೋಕ್ ನೋಡಿದಾಗ ಅರ್ಥ ಆಗದೆ ಎಲ್ಲರೂ ನಕ್ಕಾಗ ನಾನೂ ನಕ್ಕಿದ್ದೆ, ಪಕ್ಕದವನು ನನ್ನ ಮುಖ ನೋಡಿ ಸುಳ್ಳು ನಗು ಅಂತ ಕಂಡುಹಿಡಿದುಬಿಟ್ಟ. ಮುಖ ಓದೋದರಲ್ಲಿ ಅವರನ್ನ ಯಾಮಾರಿಸೋಕೆ ಆಗಲ್ಲ.

ನೀವು ಕೇಳಿದ ಹಳೇ ಕಾಲದ್ದಕ್ಕೆ ಇನ್ನೊಂದು ಉತ್ತರ ಸಿನಿಮಾ ರೀಲು. ಅಮೆರಿಕದ ಕಿವುಡರ ರಾಷ್ಟ್ರೀಯ ಸಂಘ ಹುಟ್ಟಿದ್ದೂ 1880ರಲ್ಲೇ. ಬಾಯಿ ಮಾತಿನವರ ಕೈ ಮೇಲಾಗ್ತಿದೆ, ಚೆನ್ನಾಗಿ ಸನ್ನೆ ಮಾಡೋ ಹಿರಿಯರು ಸತ್ತುಹೋಗ್ತಿದಾರೆ ಅಂತ ಹೆದರಿ ಆ ಸಂಘದವರು ದುಡ್ಡು ಒಟ್ಟುಮಾಡಿ ಅವರನ್ನೆಲ್ಲ ಚಿತ್ರೀಕರಿಸಿಟ್ಟರು. ಅದ್ರಲ್ಲಿ 1913ರಲ್ಲಿ ಜಾರ್ಜ್ ವೆಡಿಟ್ಸ್ ಸನ್ನೆ ಭಾಷೆಯ ಉಳಿವಿನ ಬಗ್ಗೆ ಮಾಡಿದ ಭಾಷಣ ಇದೆ, ಇವತ್ತಿಗೂ ನೋಡೋಕೆ ಸಿಗುತ್ತೆ, 2010ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೂ ಸೇರಿದೆ. ಕೋಟು ಹಾಕಿದ ಮನುಷ್ಯ, ತೋಳು ಪೂರ್ತಿ ಚಾಚಿ ನಿಧಾನಕ್ಕೆ, ವೇದಿಕೆ ಮೇಲೆ ದೂರದವರಿಗೂ ಕಾಣೋ ಹಾಗೆ. ಇಂಗ್ಲಿಷ್ ಅನುವಾದ ಪಕ್ಕಕ್ಕಿಡಿ, ಮೊದಲು ನಾಲ್ಕೈದು ಸಲ ಸುಮ್ಮನೆ ನೋಡಿ, ಆಮೇಲೆ ಈಗಿನವರ ಸನ್ನೆ ಜೊತೆ ಹೋಲಿಸಿ. ಟೇಪ್ ರೆಕಾರ್ಡರ್ ಮನೆ ಮನೆಗೆ ಬರೋಕೆ ಎಷ್ಟೋ ಮುಂಚೆ ಕಿವುಡರು ತಮ್ಮ ಭಾಷೆಯ ಆರ್ಕೈವ್ ತಾವೇ ಕಟ್ಕೊಂಡಿದ್ರು.

ವಿಲಿಯಂ ಸ್ಟೋಕಿ ಅನ್ನೋ ಕಿವಿ ಕೇಳೋ ಅಮೆರಿಕನ್ ಪ್ರೊಫೆಸರ್ 1960ರಲ್ಲಿ ಸನ್ನೆಗೂ ವ್ಯಾಕರಣ ಇದೆ, ಕೈಯ ಆಕಾರ, ಜಾಗ, ಚಲನೆ ಅಂತ ಬಿಡಿಸಬಹುದು ಅಂತ ತೋರಿಸಿದ ಮೇಲೆ ವಿಶ್ವವಿದ್ಯಾಲಯಗಳು ಕಣ್ಣು ಬಿಟ್ಟವು. ಸರಿ, ಆದ್ರೆ 1965ರಲ್ಲಿ ಬಂದ ಎಎಸ್‌ಎಲ್ ನಿಘಂಟಿನಲ್ಲಿ ಅವನ ಜೊತೆ ಡೊರೊಥಿ ಕ್ಯಾಸ್ಟರ್ಲೈನ್, ಕಾರ್ಲ್ ಕ್ರೋನೆಬರ್ಗ್ ಅಂತ ಇಬ್ಬರು ಕಿವುಡರೂ ಇದ್ರು, ಕಿವುಡರನ್ನ ಒಂದು ಸಮುದಾಯ ಅಂತ ಗಂಭೀರವಾಗಿ ವಿವರಿಸಿ ಅನುಬಂಧ ಬರೆದದ್ದು ಕ್ರೋನೆಬರ್ಗ್. ಎಷ್ಟು ಲೇಖನಗಳಲ್ಲಿ ಆ ಎರಡು ಹೆಸರು ಬರುತ್ತೆ ಎಣಿಸಿ ನೋಡಿ, ಲೆಪೆ ಕಥೆಯೇ ಮತ್ತೆ. ನಿಮ್ಮ ಡಿಸರ್ಟೇಶನಲ್ಲಾದ್ರೂ ಆ ತಪ್ಪು ಬೇಡ.

ಕಲಿಯೋ ವಿಷಯ. ಜಗತ್ತಿಗೆಲ್ಲ ಒಂದೇ ಸನ್ನೆ ಭಾಷೆ ಇಲ್ಲ, ಇಷ್ಟೊತ್ತಿಗೆ ಗೊತ್ತಾಗಿರುತ್ತೆ. ನೀವು ಯಾರ ಹಿಸ್ಟರಿ ಬರೀತೀರೋ ಅವರ ಭಾಷೆ ಕಲಿಯಿರಿ, ಕಿವುಡ ಟೀಚರ್ ಹತ್ರ ಕಲಿಯಿರಿ, ಆ್ಯಪಲ್ಲಿ ಬಿಡಿ ಪದ ಕಲಿತು ಹೋದ್ರೆ ಡಿಕ್ಷನರಿ ಬಾಯಿಪಾಠ ಮಾಡಿ ಊರು ಸುತ್ತೋಕೆ ಹೋದ ಹಾಗೆ. ಹುಬ್ಬು, ಬಾಯಿ, ಭುಜ ಎಲ್ಲ ವ್ಯಾಕರಣ. ಎಎಸ್‌ಎಲ್‌ನಲ್ಲಿ ಹೌದು-ಅಲ್ಲ ಅಂತ ಉತ್ತರ ಬರೋ ಪ್ರಶ್ನೆ ಕೇಳುವಾಗ ಹುಬ್ಬು ಏರಿಸಬೇಕು, ಏರಿಸದಿದ್ರೆ ಅದು ಪ್ರಶ್ನೆನೇ ಅಲ್ಲ. ನಡವಳಿಕೆನೂ ಜೊತೆಗೇ ಕಲೀಬೇಕು. ನಾನು ಮೊದಮೊದಲು ಇಬ್ಬರು ಸನ್ನೆಯಲ್ಲಿ ಮಾತಾಡ್ತಾ ದಾರಿಗೆ ಅಡ್ಡ ನಿಂತಿದ್ರೆ ಮಧ್ಯೆ ಹೋಗೋದು ಮರ್ಯಾದೆ ಅಲ್ಲ ಅಂತ ಕಾಯೋದು, ಬಗ್ಗೋದು, ಕೈ ಮುಗಿದು ಸಾರಿ ಅನ್ನೋದು ಮಾಡ್ತಿದ್ದೆ, ಅವರು ಮಾತು ನಿಲ್ಸಿ ನನ್ನನ್ನೇ ನೋಡೋರು. ಸುಮ್ಮನೆ ಸರ್ರಂತ ದಾಟಿ ಹೋಗೋದೇ ಸಭ್ಯತೆ ಅಂತ ಆಮೇಲೆ ಗೊತ್ತಾಯ್ತು. ಕೂಟ ಮುಗಿದ ಮೇಲೆ ಬಾಗಿಲಲ್ಲಿ ಒಂದು ಗಂಟೆ ಬೀಳ್ಕೊಡುಗೆ ನಡೆಯುತ್ತೆ, ಬೇಜಾರು ಮಾಡ್ಕೋಬೇಡಿ. ಫೋನು ಕಿವುಡರಿಗೆ ಎಟುಕದ ಕಾಲದಲ್ಲಿ ಈ ಸಲ ಹೇಳದೆ ಉಳಿದ ಮಾತು ಮುಂದಿನ ಕೂಟದವರೆಗೆ ಕಾಯಬೇಕಿತ್ತು, ಆ ಅಭ್ಯಾಸ ವಿಡಿಯೋ ಕಾಲ್ ಬಂದ ಮೇಲೂ ಹೋಗಿಲ್ಲ. ಇನ್ನೊಂದು ನೆನಪಿಡಿ, ಕಿವುಡ ಮಕ್ಕಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಜನ ಹುಟ್ಟೋದು ಕಿವಿ ಕೇಳೋ ಅಪ್ಪ ಅಮ್ಮನಿಗೆ. ಹೀಗಾಗಿ ಭಾಷೆ, ಕಥೆ, ಜೋಕು ಎಲ್ಲ ಮನೆಯಿಂದ ಬರಲ್ಲ, ಶಾಲೆಯ ಹಾಸ್ಟೆಲಿಂದ, ಹಿರಿಯ ಸ್ಟೂಡೆಂಟ್‌ಗಳಿಂದ ಬರುತ್ತೆ. ಮೊದಲ ಭೇಟಿಯಲ್ಲೇ ಯಾವ ಸ್ಕೂಲು ಅಂತ ಕೇಳ್ತಾರೆ, ನಾವು ಯಾವ ಊರು, ಯಾರ ಪೈಕಿ ಅಂತ ಕೇಳೋ ಹಾಗೆ.

ಎಷ್ಟು ದಿನ? ದಿನ ಅಲ್ಲ, ವರ್ಷ. ಒಂದು ವರ್ಷ ಬಿಡದೆ ಕಲಿತ್ರೆ ನಿಮ್ಮ ಮಾತು ಅವರಿಗೆ ಅರ್ಥ ಆಗುತ್ತೆ, ಅವರವರೇ ಮಾತಾಡೋದು ನಿಮಗೆ ಅರ್ಥ ಆಗೋಕೆ ಇನ್ನೆರಡು ವರ್ಷ, ನನಗೆ ಹಾಗಾಯ್ತು. ಎಂ.ಎ.ನಲ್ಲಿ ಅಷ್ಟು ಟೈಮ್ ಇಲ್ಲ, ಅದಕ್ಕೆ ವಿಷಯ ಚಿಕ್ಕದು ಮಾಡ್ಕೊಳ್ಳಿ. ಹೆಸರಿನ ಸನ್ನೆಗಳನ್ನ ತಗೊಳ್ಳಿ ಅಂತ ನನ್ನ ಸಲಹೆ. ಪ್ರತಿಯೊಬ್ಬರಿಗೂ ಸಮುದಾಯ ಕೊಟ್ಟ ಒಂದು ಸನ್ನೆ-ಹೆಸರು ಇರುತ್ತೆ, ತಾವೇ ಇಟ್ಕೊಳ್ಳೋ ಹಾಗಿಲ್ಲ. ಆಗಲೇ ಹೇಳಿದ ಕ್ಲೇರ್‌ನ ಹೆಸರು ಎರಡು ಬೆರಳಿಂದ ಕೆನ್ನೆ ಸವರೋದು, ಮಗುವಾಗಿದ್ದಾಗ ಬೆಂಕಿಗೆ ಬಿದ್ದ ಗಾಯದ ಗುರುತು ಅಲ್ಲಿತ್ತು. ಒಂದೇ ಶಾಲೆಯ ಇಪ್ಪತ್ತು ಮೂವತ್ತು ಹಿರಿಯರನ್ನ ಕೂರಿಸಿ ಯಾರು ಹೆಸರಿಟ್ಟರು, ಯಾಕೆ, ಯಾವಾಗ ಬದಲಾಯ್ತು ಅಂತ ಕೇಳಿದ್ರೆ ಆ ಶಾಲೆಯ ಐವತ್ತು ವರ್ಷದ ಹಿಸ್ಟರಿ ತಾನಾಗೇ ಬಿಚ್ಕೊಳ್ಳುತ್ತೆ. ಇದಕ್ಕೆ ಅನುಭವಿ ಕಿವುಡರೊಬ್ಬರನ್ನ ಜೊತೆ ಸಂಶೋಧಕರಾಗಿ ಸೇರಿಸ್ಕೊಳ್ಳಿ, ಥ್ಯಾಂಕ್ಸ್ ಹೇಳೋ ಪುಟದಲ್ಲಿ ಅಲ್ಲ, ಹೆಸರು ಹಾಕಿ.

ಎಲ್ಲ ವಿಡಿಯೋ ಮಾಡಿ, ಬರೀ ಕನ್ನಡಕ್ಕೋ ಇಂಗ್ಲಿಷಿಗೋ ಇಳಿಸಿದ ನೋಟ್ಸ್ ಇಟ್ಕೊಂಡ್ರೆ ಆ ದೈತ್ಯನ ಜೋಕಿಗಾದ ಗತಿ ಆಗುತ್ತೆ. ವಿಡಿಯೋ ಮೇಲೆ ಟಿಪ್ಪಣಿ ಹಾಕೋಕೆ ಎಲಾನ್ ಅನ್ನೋ ಸಾಫ್ಟ್‌ವೇರ್ ಇದೆ, ಫ್ರೀ, ನೆದರ್ಲೆಂಡ್ಸಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯದು. ಆದ್ರೆ ಇಲ್ಲೊಂದು ತೊಡಕಿದೆ. ಬೇರೆ ಇಂಟರ್‌ವ್ಯೂಗಳಲ್ಲಿ ಗುರುತು ಮುಚ್ಚೋಕೆ ಮುಖ ಬ್ಲರ್ ಮಾಡ್ತಾರೆ, ಇಲ್ಲಿ ಮುಖ ಬ್ಲರ್ ಮಾಡಿದ್ರೆ ಅರ್ಧ ವಾಕ್ಯ ಹೋಯ್ತು. ಚಿಕ್ಕ ಸಮುದಾಯ ಬೇರೆ, ಕೈ ನೋಡೇ ಇಂಥವರು ಅಂತ ಹೇಳಿಬಿಡ್ತಾರೆ. ಯಾರು ನೋಡ್ತಾರೆ, ಎಲ್ಲಿ ಇಡ್ತೀರ, ಬೇಡ ಅಂದ್ರೆ ಅಳಿಸ್ತೀರಾ ಅನ್ನೋದನ್ನ ಶುರುವಿಗೇ ಹೇಳಿ. ಇಂಗ್ಲಿಷಲ್ಲಿ ಟೈಪ್ ಮಾಡಿದ ಒಪ್ಪಿಗೆ ಪತ್ರಕ್ಕೆ ಸೈನ್ ಹಾಕಿಸ್ಕೊಂಡು ಬಂದ್ರೆ ಆಗಲ್ಲ, ಅದನ್ನ ಅವರ ಭಾಷೆಯಲ್ಲಿ ಕೈಯಿಂದ ವಿವರಿಸಿ, ಅವರು ಕೇಳೋ ಪ್ರಶ್ನೆಗೆಲ್ಲ ಉತ್ತರ ಕೊಟ್ಟು, ಆ ಮಾತುಕತೆನೂ ಕ್ಯಾಮೆರಾದಲ್ಲಿ ಹಿಡಿದಿಟ್ಟು, ಆಮೇಲೆ ಮೊದಲ ಪ್ರಶ್ನೆ ಕೇಳಿ.